ಶಿರಿಯ, ಮೊಗ್ರಾಲ್, ನಡುವೆ ಒಂದು ಕೇಬಲ್: ಮನೆಯಲ್ಲೇ ಕಟ್ಟಿದ ರೆಪ್ಲಿಕೇಶನ್ ಲ್ಯಾಬ್

ಈಗ ಕೇಬಲ್ ಕಿತ್ತರೆ ಆಚೆ ಬದಿಯಲ್ಲಿ ಏನು ಉಳಿಯುತ್ತದೆ? ಸ್ಟೋರೇಜ್ ರೆಪ್ಲಿಕೇಶನ್, ಅಂದರೆ ಒಂದು ಮೆಷಿನ್‌ನ ಡೇಟಾವನ್ನು ಇನ್ನೊಂದಕ್ಕೆ ಸದಾ ನಕಲು ಮಾಡುತ್ತಾ ಇರುವುದು, ಇದರಲ್ಲಿ ಬರುವ ಪದಗಳಲ್ಲಿ ಹೆಚ್ಚಿನವು ಈ ಪ್ರಶ್ನೆಯ ಸುತ್ತಲೇ ಇವೆ. ಆರ್‌ಪಿಒ, ಜರ್ನಲ್, ಕನ್ಸಿಸ್ಟೆನ್ಸಿ ಗ್ರೂಪ್, ಸಸ್ಪೆಂಡ್, ರೀಸಿಂಕ್, ಫೇಲ್‌ಬ್ಯಾಕ್. ಮ್ಯಾನ್ಯುಯಲ್‌ನಲ್ಲಿ ಓದುವಾಗ ಎಲ್ಲವೂ ಒಂದೇ ಥರ ಕಾಣುತ್ತವೆ. ಕೇಬಲ್ ಕೈಯಲ್ಲಿ ಹಿಡಿದು ಕೂತರೆ ಒಂದೊಂದೂ ಬೇರೆ ಅಂತ ಗೊತ್ತಾಗುತ್ತದೆ.

ನಾನು ಸ್ಟೋರೇಜ್ ಸಪೋರ್ಟ್ ಕೆಲಸದಲ್ಲಿರುವವಳು. ಮನೆ ಬದಿಯಡ್ಕದ ಹತ್ತಿರ. ಚಿಕ್ಕಮ್ಮನ ಮಗಳಿಗೆ ಮಂಗಳೂರಿನ ಒಂದು ಕಂಪನಿಯಲ್ಲಿ ಸ್ಟೋರೇಜ್ ತಂಡದಲ್ಲೇ ಕೆಲಸ ಸಿಕ್ಕಿತು. ಸೇರುವ ಮುಂಚೆ ಸ್ವಲ್ಪ ಬಿಡುವಿತ್ತು. "ಅಕ್ಕಾ, ಈ ಪದಗಳನ್ನೆಲ್ಲ ಬಾಯಿಪಾಠ ಮಾಡ್ಬೇಕಾ?" ಅಂತ ಕೇಳಿದಳು. "ಬಾಯಿಪಾಠ ಎಂತಕ್ಕೆ? ಕಟ್ಟಿಯೇ ನೋಡುವ" ಅಂದೆ.

ಕಟ್ಟಲು ನಿಜವಾದ ಕಾರಣವೂ ಇತ್ತು. ನಮ್ಮ ಗೆಳೆಯರ ಒಂದು ಬಳಗ ಕುಂಬಳೆ, ಬದಿಯಡ್ಕ, ಪೆರ್ಲ ಸುತ್ತಲಿನ ಮನೆಗಳಿಂದ ಹಳೆ ತಾಳಮದ್ದಳೆ ಕ್ಯಾಸೆಟ್ ತಂದು ಡಿಜಿಟೈಸ್ ಮಾಡುತ್ತಿದೆ. 24 ಬಿಟ್, 48 ಕಿಲೋಹರ್ಟ್ಸ್, ಸ್ಟೀರಿಯೋ. ಒಂದು ಗಂಟೆಗೆ ಸುಮಾರು 1 ಜಿಬಿ. ಇಡೀ ರಾತ್ರಿಯ ಕೂಟ ಇದ್ದರೆ 6 ರಿಂದ 8 ಜಿಬಿ ಆಗುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ಕ್ಯಾಸೆಟ್ ಟೇಪಿಗೆ ಬೂಸ್ಟು ಹಿಡಿಯುತ್ತದೆ. ಕೆಲವು ಟೇಪುಗಳನ್ನು ಒಮ್ಮೆ ಓಡಿಸಬಹುದು ಅಷ್ಟೆ, ಇನ್ನೊಮ್ಮೆ ಓಡಿಸಲು ಧೈರ್ಯ ಸಾಲದು. ಅಂಥದ್ದರ ಫೈಲ್‌ಗಳು ಒಂದೇ ಒಂದು ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲಿ ಕೂತಿದ್ದವು. ನನಗೆ ಅದನ್ನು ನೋಡಿದಾಗಲೆಲ್ಲ ಕಳವಳ ಆಗುತ್ತಿತ್ತು.

ಮೆಷಿನ್‌ಗಳು

ಎರಡು ಹಳೆ ಡೆಸ್ಕ್‌ಟಾಪ್ ಸಿಕ್ಕವು. ಒಂದಕ್ಕೆ ಶಿರಿಯ, ಇನ್ನೊಂದಕ್ಕೆ ಮೊಗ್ರಾಲ್ ಅಂತ ಹೆಸರಿಟ್ಟೆವು. ಎರಡೂ ನಮ್ಮ ಜಿಲ್ಲೆಯ ಹೊಳೆಗಳು. ಶಿರಿಯ ಸೋರ್ಸ್, ಅಂದರೆ ಮೂಲ ಡೇಟಾ ಇರುವ ಬದಿ. ಮೊಗ್ರಾಲ್ ಟಾರ್ಗೆಟ್, ನಕಲು ಇಳಿಯುವ ಬದಿ. ಪ್ರತಿಯೊಂದರಲ್ಲೂ ಆಪರೇಟಿಂಗ್ ಸಿಸ್ಟಮ್‌ಗೆ ಒಂದು ಚಿಕ್ಕ ಡಿಸ್ಕ್, ಡೇಟಾಕ್ಕೆ 500 ಜಿಬಿಯ ಒಂದು ಎಸ್‌ಎಸ್‌ಡಿ. ಮೇಲೆ ಡೆಬಿಯನ್ ಲಿನಕ್ಸ್, ಎಲ್‌ವಿಎಂ, ಡಿಆರ್‌ಬಿಡಿ. ಎಲ್‌ವಿಎಂ ಡಿಸ್ಕನ್ನು ಬೇಕಾದ ಹಾಗೆ ವಾಲ್ಯೂಮ್‌ಗಳಾಗಿ ಹಂಚುತ್ತದೆ. ಡಿಆರ್‌ಬಿಡಿ ಅಂದರೆ ನೆಟ್‌ವರ್ಕ್ ಮೂಲಕ ಒಂದು ಬ್ಲಾಕ್ ಡಿವೈಸನ್ನು (ಡಿಸ್ಕ್‌ನಂಥದ್ದನ್ನು) ಇನ್ನೊಂದು ಮೆಷಿನ್‌ಗೆ ನಕಲು ಮಾಡುವ ಡ್ರೈವರ್. 2.6.33 ಆವೃತ್ತಿಯಿಂದ ಲಿನಕ್ಸ್ ಕರ್ನೆಲ್‌ನಲ್ಲೇ ಇದೆ. ಅದರ ಮೇಲೆ ಐಸ್ಕಸಿ ಟಾರ್ಗೆಟ್ (ನೆಟ್‌ವರ್ಕ್ ಮೂಲಕ ಡಿಸ್ಕ್ ಕೊಡುವ ವ್ಯವಸ್ಥೆ) ಕೂರಿಸಿ ಲ್ಯಾಪ್‌ಟಾಪ್‌ಗೆ ಒಂದು ಲನ್, ಅಂದರೆ ಡಿಸ್ಕ್‌ನಂತೆ ಕಾಣುವ ಒಂದು ತುಂಡು, ಕೊಟ್ಟೆವು. ಲ್ಯಾಪ್‌ಟಾಪ್ ಇಲ್ಲಿ ಹೋಸ್ಟ್, ಡಿಸ್ಕ್ ಬಳಸುವ ಮೆಷಿನ್. ಅದಕ್ಕೆ ಕಾಣುವುದು ಒಂದು ಡಿಸ್ಕ್ ಮಾತ್ರ, ಹಿಂದೆ ಎರಡು ಮೆಷಿನ್ ಇರುವುದು ಗೊತ್ತಿಲ್ಲ. ಕೋಟಿಗಟ್ಟಲೆ ಬೆಲೆಯ ಆರೇಗಳಲ್ಲೂ (ಕಂಪನಿಗಳು ಬಳಸುವ ದೊಡ್ಡ ಸ್ಟೋರೇಜ್ ಮೆಷಿನ್‌ಗಳು) ಹೋಸ್ಟ್‌ನ ಕಣ್ಣಿಗೆ ಇಷ್ಟೇ ಬೀಳುವುದು.

ನೆಟ್‌ವರ್ಕ್ ಪೋರ್ಟ್ ಪ್ರತಿ ಮೆಷಿನ್‌ಗೆ ಎರಡು ಬೇಕು. ಒಂದು ಹೋಸ್ಟ್ ಕಡೆಗೆ, ಇನ್ನೊಂದು ರೆಪ್ಲಿಕೇಶನ್ ಲಿಂಕ್‌ಗೆ. ಒಂದೇ ಪೋರ್ಟ್‌ನಲ್ಲಿ ಎರಡನ್ನೂ ಓಡಿಸಬಹುದು, ಆದರೆ ಲಿಂಕ್ ಮಾತ್ರ ಕೀಳುವ ಪ್ರಯೋಗ ಆಗ ಮಾಡಲು ಬರುವುದಿಲ್ಲ. ದೊಡ್ಡ ಆರೇಗಳಲ್ಲೂ ರೆಪ್ಲಿಕೇಶನ್‌ಗೆಂದೇ ಪೋರ್ಟ್ ಮೀಸಲಿಡುತ್ತಾರೆ. ಅವು ಫೈಬರ್ ಚಾನೆಲ್ (ಸ್ಟೋರೇಜ್‌ಗೆಂದೇ ಇರುವ ನೆಟ್‌ವರ್ಕ್) ಇರಬಹುದು, ಸಾಮಾನ್ಯ ಐಪಿ ನೆಟ್‌ವರ್ಕ್ ಇರಬಹುದು.

ಶಿರಿಯ ಮನೆಯೊಳಗೆ. ಮೊಗ್ರಾಲ್ ಅಂಗಳದ ಆಚೆ, ಅಡಿಕೆ ಇಡುವ ಕೋಣೆಯಲ್ಲಿ. ನಡುವೆ ತಾಮ್ರದ ಈಥರ್ನೆಟ್ ಎಳೆಯಲು ನಾನು ಒಪ್ಪಲಿಲ್ಲ. 100 ಮೀಟರ್ ಒಳಗೇ ಇದೆ, ಕೆಲಸವೇನೋ ಆಗುತ್ತದೆ. ಆದರೆ ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲು ನಮ್ಮಲ್ಲಿ ಜೋರು. ಎರಡು ಕಟ್ಟಡಗಳ ನಡುವೆ ತಾಮ್ರದ ತಂತಿ ಇದ್ದರೆ ಒಂದು ಕಡೆ ಬಂದ ಸರ್ಜ್ ಎರಡೂ ಮೆಷಿನ್‌ಗಳನ್ನು ಸುಡಬಹುದು. ಎರಡು ಕಾಪಿ ಇಟ್ಟು ಏನು ಬಂತು ಹಾಗಾದರೆ? ಅದರ ಬದಲು ತಾಮ್ರದ ಸಿಗ್ನಲನ್ನು ಬೆಳಕಿಗೆ ಬದಲಿಸುವ ಎರಡು ಮೀಡಿಯಾ ಕನ್ವರ್ಟರ್, ನಡುವೆ ಲೋಹದ ಎಳೆ ಇಲ್ಲದ ಫೈಬರ್ ಹಾಕಿದೆವು. ಯುಪಿಎಸ್ ಕೂಡ ಬೇರೆ ಬೇರೆ. ಇಂಥದ್ದನ್ನು ಫೇಲ್ಯೂರ್ ಡೊಮೇನ್ ಅನ್ನುತ್ತಾರೆ. ಒಂದೇ ಏಟಿಗೆ ಯಾವುದೆಲ್ಲ ಒಟ್ಟಿಗೆ ಹೋಗುತ್ತದೆ ಅನ್ನುವ ಲೆಕ್ಕ ಅದು.

ಮೊದಲ ಕಾಪಿ

ಡಿಆರ್‌ಬಿಡಿ ಎರಡೂ ಕಡೆ ಒಂದಿಷ್ಟು ಮೆಟಾಡೇಟಾ ಇಟ್ಟುಕೊಳ್ಳುತ್ತದೆ. ಅದರಲ್ಲಿ ಮುಖ್ಯವಾದದ್ದು ಬಿಟ್‌ಮ್ಯಾಪ್. 4 ಕೆಬಿಯ ಪ್ರತಿ ಬ್ಲಾಕಿಗೆ ಒಂದು ಬಿಟ್. 1 ಟಿಬಿ ಡಿಸ್ಕಿಗೆ 32 ಎಂಬಿ ಸಾಕು. ಯಾವ ಬ್ಲಾಕ್ ಆಚೆ ಹೋಗಬೇಕಾಗಿದೆ ಅನ್ನುವುದನ್ನು ಇದು ನೆನಪಿಡುತ್ತದೆ. ಈ ಬಿಟ್‌ಮ್ಯಾಪ್ ಮುಂದೆ ತುಂಬ ಸಲ ಬರುತ್ತದೆ.

ಶಿರಿಯವನ್ನು ಪ್ರೈಮರಿ (ಬರೆಯುವ ಬದಿ) ಮಾಡಿದ ಕೂಡಲೇ ಇನಿಶಿಯಲ್ ಸಿಂಕ್ ಶುರುವಾಯಿತು. ಗಿಗಾಬಿಟ್ ಲಿಂಕ್‌ನಲ್ಲಿ ಸೆಕೆಂಡಿಗೆ 110 ಎಂಬಿ ಅಂತ ಹಿಡಿದರೆ 500 ಜಿಬಿಗೆ ಒಂದೂಕಾಲು ಗಂಟೆ ಬೇಕು. ಇದೇ ಕೆಲಸವನ್ನು 20 ಎಂಬಿಪಿಎಸ್ ಅಪ್‌ಲೋಡ್ ಇರುವ ಮನೆ ಬ್ರಾಡ್‌ಬ್ಯಾಂಡ್‌ನಲ್ಲಿ ಮಾಡಿದರೆ ಎರಡು ದಿನ ದಾಟುತ್ತದೆ. ಅದಕ್ಕೇ ದೂರದ ಸೈಟ್‌ಗೆ ಮೊದಲ ಕಾಪಿಯನ್ನು ಡಿಸ್ಕ್‌ನಲ್ಲೇ ಹೊತ್ತು ಒಯ್ಯುತ್ತಾರೆ. ಸೀಡಿಂಗ್ ಅನ್ನುತ್ತಾರೆ. ಡಿಆರ್‌ಬಿಡಿ ಕೈಪಿಡಿಯಲ್ಲಿ ಇದಕ್ಕೆ ಟ್ರಕ್ ಬೇಸ್ಡ್ ರೆಪ್ಲಿಕೇಶನ್ ಅಂತಲೇ ಹೆಸರು.

ಸಿಂಕ್ ಮುಗಿಯುವ ತನಕ ಮೊಗ್ರಾಲ್‌ನ ಸ್ಟೇಟ್ 'ಇನ್‌ಕನ್ಸಿಸ್ಟೆಂಟ್', ಅಂದರೆ ಅರೆಬರೆ, ಬಳಸಲು ಬಾರದ ಸ್ಥಿತಿ. ತಂಗಿ 90 ಶೇಕಡಾ ಆದಾಗ, "ಈಗ ಶಿರಿಯ ಕೆಟ್ಟರೆ 90 ಪರ್ಸೆಂಟ್ ಸಿಗ್ತದಲ್ವಾ?" ಅಂತ ಕೇಳಿದಳು. ಇಲ್ಲ. ಫೈಲ್ ಸಿಸ್ಟಮ್‌ನ ಯಾವ ಭಾಗ ಆ ಬಾಕಿ 10ರಲ್ಲಿದೆ ಅಂತ ಯಾರಿಗೆ ಗೊತ್ತು? ಕನ್ಸಿಸ್ಟೆಂಟ್ ಆಗದ ಕಾಪಿಯನ್ನು ಕಾಪಿ ಅಂತ ಎಣಿಸಬಾರದು.

ಈ ಎರಡು ಬದಿಗಳಿಗೆ ಸ್ಟೋರೇಜ್ ಕಂಪನಿಗಳಲ್ಲಿ ಒಬ್ಬೊಬ್ಬರದು ಒಂದೊಂದು ಹೆಸರು. ಇಎಂಸಿಯ ರೆಪ್ಲಿಕೇಶನ್ ಸಾಫ್ಟ್‌ವೇರ್ ಎಸ್‌ಆರ್‌ಡಿಎಫ್ 1994ರಲ್ಲಿ ಬಂದದ್ದು, ಅದರಲ್ಲಿ ಆರ್1, ಆರ್2. ಹಿಟಾಚಿಯಲ್ಲಿ ಪಿ-ವಾಲ್, ಎಸ್-ವಾಲ್. ನೆಟ್ಆ್ಯಪ್‌ನ ಸ್ನ್ಯಾಪ್‌ಮಿರರ್‌ನಲ್ಲಿ ಸೋರ್ಸ್, ಡೆಸ್ಟಿನೇಶನ್. ಡಿಆರ್‌ಬಿಡಿಯಲ್ಲಿ ಪ್ರೈಮರಿ, ಸೆಕೆಂಡರಿ. ಜೋಡಿಯ ಸ್ಥಿತಿಗೂ ಹಾಗೆಯೇ. ಹಿಟಾಚಿ 'ಪೇರ್' ಅನ್ನುತ್ತದೆ, ಎಸ್‌ಆರ್‌ಡಿಎಫ್ 'ಸಿಂಕ್ರೊನೈಸ್ಡ್' ಅನ್ನುತ್ತದೆ, ನಮ್ಮ ಸ್ಕ್ರೀನ್ ಮೇಲೆ 'ಅಪ್‌ಟುಡೇಟ್' ಅಂತ ಬಂತು. ಇದನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದೆವು. ಅಷ್ಟಕ್ಕೇ ಆ ಭಾಗ ಮುಗಿಯಿತು.

ಸಿಂಕ್ರೊನಸ್‌ನ ಬೆಲೆ

ಡಿಆರ್‌ಬಿಡಿಯಲ್ಲಿ ಎ, ಬಿ, ಸಿ ಅಂತ ಮೂರು ಪ್ರೊಟೊಕಾಲ್. ಹೋಸ್ಟ್‌ಗೆ 'ಬರೆದಾಯಿತು' ಅಂತ ಯಾವಾಗ ಹೇಳಬೇಕು ಅನ್ನುವುದರಲ್ಲಿ ಮಾತ್ರ ವ್ಯತ್ಯಾಸ. ಎರಡೂ ಡಿಸ್ಕ್‌ನಲ್ಲಿ ಬರೆದ ಮೇಲೆ ಹೇಳಿದರೆ ಸಿ. ಆಚೆಯ ಮೆಮೊರಿಗೆ ಮುಟ್ಟಿದ ಕೂಡಲೇ ಹೇಳಿದರೆ ಬಿ. ಇಲ್ಲಿನ ಡಿಸ್ಕ್‌ಗೆ ಬರೆದು, ಕಳಿಸುವ ಬಫರ್‌ಗೆ ಹಾಕಿದ ಕೂಡಲೇ ಹೇಳಿದರೆ ಎ. ಸಿ ಅಂದರೆ ಸಿಂಕ್ರೊನಸ್, ಎ ಅಂದರೆ ಎಸಿಂಕ್ರೊನಸ್.

ದೊಡ್ಡ ಆರೇಗಳು ಸಿಂಕ್ರೊನಸ್ ಅಂದಾಗ ಆಚೆಯ ಡಿಸ್ಕ್‌ಗೆ ಹೋಗುವ ತನಕ ಕಾಯುವುದಿಲ್ಲ. ಆಚೆಯ ಕ್ಯಾಶ್‌ಗೆ, ಅಂದರೆ ಅದರ ವೇಗದ ಮೆಮೊರಿಗೆ, ಹೋದರೆ ಸಾಕು. ಆ ಕ್ಯಾಶ್ ಎರಡು ಕಡೆ ಮಿರರ್ ಆಗಿರುತ್ತದೆ, ಬ್ಯಾಟರಿ ಬೆಂಬಲ ಇರುತ್ತದೆ, ಕರೆಂಟ್ ಹೋದರೂ ಉಳಿಯುತ್ತದೆ. ನಮ್ಮ ಡೆಸ್ಕ್‌ಟಾಪ್‌ನ ರ್‍ಯಾಮ್‌ಗೆ ಆ ಭಾಗ್ಯ ಇಲ್ಲ. ಹಾಗಾಗಿ ನಮಗೆ ಸಿ ಬೇಕು.

ಈಗ ದೂರ ಅಳೆಯುವ ಪ್ರಯೋಗ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಒಂದು ಕಿ.ಮೀ.ಗೆ 5 ಮೈಕ್ರೊಸೆಕೆಂಡ್, ಹೋಗಿ ಬರಲು 10. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿ.ಮೀ., ಅಂದರೆ ಹೋಗಿ ಬರಲು ಅರ್ಧ ಮಿಲಿಸೆಕೆಂಡ್. 100 ಕಿ.ಮೀ.ಗೆ 1 ಮಿಲಿಸೆಕೆಂಡ್. ನಡುವಿನ ಸ್ವಿಚ್‌ಗಳು ತಿನ್ನುವ ಸಮಯ ಇದಕ್ಕೆ ಸೇರಿಲ್ಲ. ಲಿನಕ್ಸ್‌ನಲ್ಲಿ ನೆಟ್‌ಎಂ ಅನ್ನುವ ಸೌಲಭ್ಯ ಇದೆ, ನೆಟ್‌ವರ್ಕ್ ಪೋರ್ಟ್‌ಗೆ ಬೇಕಾದಷ್ಟು ವಿಳಂಬ ಸೇರಿಸಬಹುದು. ಅದರಿಂದ ಅಡಿಕೆ ಕೋಣೆಯನ್ನು ಕೂತಲ್ಲೇ ಮಂಗಳೂರಿಗೂ ಒಯ್ಯಬಹುದು, ಅದಕ್ಕಿಂತ ದೂರಕ್ಕೂ ಒಯ್ಯಬಹುದು.

ಪ್ರಯೋಗ ಹೀಗೆ: ಡಿಸ್ಕ್‌ಗೆ ಒಂದರ ಹಿಂದೆ ಒಂದು ಚಿಕ್ಕ ಬರಹ (ರೈಟ್), ಪ್ರತಿಯೊಂದಕ್ಕೂ ಉತ್ತರ ಬಂದ ಮೇಲೆ ಮುಂದಿನದು. ವಿಳಂಬ 1 ಮಿಲಿಸೆಕೆಂಡ್ ಇದ್ದರೆ ಸೆಕೆಂಡಿಗೆ 1000 ಬರಹ ದಾಟುವುದು ಸಾಧ್ಯವೇ ಇಲ್ಲ. 10 ಮಿಲಿಸೆಕೆಂಡ್ ಮಾಡಿದಾಗ 100ರ ಕೆಳಗೆ ಬಂತು. ಡಿಸ್ಕ್ ಎಷ್ಟೇ ವೇಗ ಇದ್ದರೂ ಅಷ್ಟೇ. ಲಿಂಕ್‌ನ ಅಗಲವೂ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಗಿಗಾಬಿಟ್ ಲಿಂಕ್ ಬಹುಪಾಲು ಖಾಲಿಯೇ ಇತ್ತು. ಒಟ್ಟಿಗೆ 32 ಬರಹ ಬಿಟ್ಟಾಗ ಒಟ್ಟು ಸಂಖ್ಯೆ ಏರಿತು, ಆದರೆ ಒಂದೊಂದು ಬರಹ ಕಾಯುವ ಸಮಯ ಅಷ್ಟೇ ಉಳಿಯಿತು. ಲೇಟೆನ್ಸಿ (ಕಾಯುವ ಸಮಯ) ಬೇರೆ, ಬ್ಯಾಂಡ್‌ವಿಡ್ತ್ (ಲಿಂಕ್‌ನ ಅಗಲ) ಬೇರೆ ಅಂತ ತಂಗಿಗೆ ನಾನು ಹೇಳಬೇಕಾಗಲಿಲ್ಲ.

ಫೈಬರ್ ಚಾನೆಲ್‌ನಲ್ಲಿ ಇನ್ನೊಂದು ತೊಡಕಿದೆ. ಹೋಸ್ಟ್ ಡಿಸ್ಕ್ ಜೊತೆ ಮಾತಾಡುವ ಸ್ಕಸಿ ಭಾಷೆಯಲ್ಲಿ ಸಾಮಾನ್ಯ ಬರಹಕ್ಕೆ ಎರಡು ಸಲ ಹೋಗಿ ಬರಬೇಕು. 'ಬರೆಯಲಾ?' ಅಂತ ಕೇಳಿ 'ಕಳಿಸು' ಅನ್ನುವ ಉತ್ತರ ಪಡೆಯಲು ಒಂದು, ಡೇಟಾ ಕಳಿಸಿ 'ಆಯಿತು' ಅನ್ನಿಸಿಕೊಳ್ಳಲು ಇನ್ನೊಂದು. 100 ಕಿ.ಮೀ.ಗೆ 1 ಇದ್ದದ್ದು 2 ಆಗುತ್ತದೆ. ದೂರದ ಲಿಂಕ್‌ಗಳಲ್ಲಿ ರೈಟ್ ಆಕ್ಸೆಲರೇಶನ್ ಅಂತ ಇಡುವುದು ಇದರಲ್ಲಿ ಒಂದು ಸುತ್ತು ಉಳಿಸುವುದಕ್ಕೆ.

ಆರ್‌ಪಿಒ ಸೊನ್ನೆ ಎನ್ನುವ ಮಾತು

ಒಂದು ಸಣ್ಣ ಸ್ಕ್ರಿಪ್ಟ್ ಬರೆದೆವು. ಲ್ಯಾಪ್‌ಟಾಪ್‌ನಿಂದ ಲನ್‌ಗೆ 1, 2, 3 ಅಂತ ಸಂಖ್ಯೆ, ಜೊತೆಗೆ ಸಮಯ ಬರೆಯುತ್ತಾ ಹೋಗುತ್ತದೆ. ಪ್ರತಿ ಸಂಖ್ಯೆಯೂ ಡಿಸ್ಕ್‌ಗೆ ಇಳಿದ ಮೇಲೆ ಮಾತ್ರ ಪರದೆಯಲ್ಲಿ ತೋರಿಸುತ್ತದೆ. ಹೋಸ್ಟ್‌ಗೆ ಸಿಕ್ಕ ಕೊನೆಯ ಸಂಖ್ಯೆ ಒಂದು ಕಡೆ, ಮೊಗ್ರಾಲ್‌ನಲ್ಲಿ ಸಿಕ್ಕ ಕೊನೆಯ ಸಂಖ್ಯೆ ಇನ್ನೊಂದು ಕಡೆ. ಎರಡರ ಅಂತರವೇ ಕಳೆದುಕೊಂಡ ಡೇಟಾ. ಎಷ್ಟು ಕಳೆದುಕೊಂಡರೆ ತಡೆದುಕೊಳ್ಳಬಹುದು ಅಂತ ಮೊದಲೇ ಒಪ್ಪಿಕೊಂಡ ಮಿತಿ ಆರ್‌ಪಿಒ. ಮತ್ತೆ ಕೆಲಸ ಶುರುವಾಗಲು ಎಷ್ಟು ಹೊತ್ತು ಕಾಯಬಹುದು ಅನ್ನುವುದು ಆರ್‌ಟಿಒ.

ಪ್ರೊಟೊಕಾಲ್ ಸಿ ಇಟ್ಟು ಶಿರಿಯದ ಪವರ್ ಕೇಬಲ್ ಎಳೆದೆವು. ಮೊಗ್ರಾಲನ್ನು ಪ್ರೈಮರಿ ಮಾಡಿ ನೋಡಿದರೆ ಹೋಸ್ಟ್‌ಗೆ ಸಿಕ್ಕ ಕೊನೆಯ ಸಂಖ್ಯೆ ಅಲ್ಲಿ ಇತ್ತು. ಆರ್‌ಪಿಒ ಸೊನ್ನೆ. ತಂಗಿಗೆ ಖುಷಿ.

ಆಮೇಲೆ ನಮ್ಮ ಊರಿನಲ್ಲಿ ನಿಜವಾಗಿ ನಡೆಯುವ ಹಾಗೆ ಮಾಡಿದೆವು. ಸಿಡಿಲು ಮಳೆಗೆ ಎಲ್ಲವೂ ಒಂದೇ ಕ್ಷಣಕ್ಕೆ ಹೋಗುವುದಿಲ್ಲ. ಮೊದಲು ನೆಟ್ ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಕರೆಂಟ್. ಯುಪಿಎಸ್ ಮೇಲೆ ಮೆಷಿನ್ ಓಡುತ್ತಿರುತ್ತದೆ. ಆಮೇಲೆ ಮೆಷಿನ್ನೇ ಹೋಗುತ್ತದೆ. ಇದನ್ನೇ ರೋಲಿಂಗ್ ಡಿಸಾಸ್ಟರ್ ಅನ್ನುವುದು. ನಾವು ರೆಪ್ಲಿಕೇಶನ್ ಫೈಬರನ್ನು ಮಾತ್ರ ಮೊದಲು ಕಿತ್ತೆವು. ಬರಹ ಕೆಲವು ಸೆಕೆಂಡ್ ನಿಂತಿತು. ಡಿಆರ್‌ಬಿಡಿ ಆಚೆಯವನ ಉತ್ತರಕ್ಕೆ ಕಾದು, ಬರುವುದಿಲ್ಲ ಅಂತ ತೀರ್ಮಾನಿಸಿ, ಒಂಟಿಯಾಗಿ ಮುಂದುವರಿಯಿತು. ಲ್ಯಾಪ್‌ಟಾಪ್‌ನಲ್ಲಿ ಸಂಖ್ಯೆಗಳು ಓಡುತ್ತಲೇ ಇದ್ದವು, ಯಾವ ದೂರೂ ಇಲ್ಲ. ಒಂದಿಷ್ಟು ಹೊತ್ತು ಬಿಟ್ಟು ಶಿರಿಯದ ಪವರ್ ತೆಗೆದೆವು. ಮೊಗ್ರಾಲ್‌ನಲ್ಲಿ ಫೈಬರ್ ಕಿತ್ತ ಕ್ಷಣದ ಸಂಖ್ಯೆ ಮಾತ್ರ ಇತ್ತು. ಆಮೇಲಿನದ್ದು ಒಂದೂ ಇಲ್ಲ.

ಕಾನ್ಫಿಗರೇಶನ್‌ನಲ್ಲಿ ಸಿಂಕ್ರೊನಸ್ ಅಂತಲೇ ಇತ್ತು. ಹಾಗಾದರೆ ಆರ್‌ಪಿಒ ಸೊನ್ನೆ ಅನ್ನುವ ಮಾತು ನಿಲ್ಲುವುದು ಜೋಡಿ ಕೂಡಿಕೊಂಡಿರುವಷ್ಟು ಹೊತ್ತು ಮಾತ್ರ. ಲಿಂಕ್ ಕಡಿದ ಮೇಲೆ ಎರಡು ದಾರಿ. ಬರೆಯುವುದನ್ನೇ ನಿಲ್ಲಿಸು, ಇಲ್ಲವೇ ಒಂಟಿಯಾಗಿ ಬರೆ. ಹಿಟಾಚಿಯ ಸಿಂಕ್ರೊನಸ್ ರೆಪ್ಲಿಕೇಶನ್ ಆದ ಟ್ರೂಕಾಪಿಯಲ್ಲಿ ಇದಕ್ಕೆ ಫೆನ್ಸ್ ಲೆವೆಲ್ ಅಂತ ಒಂದು ಆಯ್ಕೆ ಇದೆ. 'ಡೇಟಾ' ಅಂತ ಇಟ್ಟರೆ ನಕಲು ನಿಂತಾಗ ಹೋಸ್ಟ್‌ನ ಬರಹವೂ ನಿಲ್ಲುತ್ತದೆ. 'ನೆವರ್' ಅಂತ ಇಟ್ಟರೆ ಹೋಸ್ಟ್ ಬರೆಯುತ್ತಲೇ ಇರುತ್ತದೆ. ಒಂದು ರೂಪಾಯಿಯೂ ಕಳೆಯಬಾರದು ಅನ್ನುವ ಲೆಡ್ಜರ್‌ಗೆ ಮೊದಲನೆಯದು ಸರಿ ಇರಬಹುದು. ಸೇವೆ ನಿಲ್ಲಬಾರದು ಅನ್ನುವಲ್ಲಿ ಎರಡನೆಯದು. ಈ ತೀರ್ಮಾನ ಸ್ಟೋರೇಜ್ ಇಂಜಿನಿಯರ್ ಒಬ್ಬಳೇ ಮಾಡುವಂಥದ್ದಲ್ಲ. ಡೇಟಾದ ಯಜಮಾನರನ್ನು ಕೂರಿಸಿ, ಕೇಳಿ, ಬರೆದಿಟ್ಟುಕೊಳ್ಳಬೇಕು. ಕೆಲಸಕ್ಕೆ ಸೇರಿದ ಮೇಲೆ ಯಾವುದೇ ಜೋಡಿ ನೋಡಿದರೂ ಮೊದಲು ಇದನ್ನೇ ಕೇಳು ಅಂತ ತಂಗಿಗೆ ಹೇಳಿದ್ದೇನೆ.

ಸಾಲು ತಪ್ಪಿದರೆ

ಇಡೀ ಲ್ಯಾಬ್‌ನಲ್ಲಿ ನಾವು ಜಾಸ್ತಿ ಹೊತ್ತು ಕಳೆದದ್ದು ಇಲ್ಲಿ. ಬಳಗದ ಕ್ಯಾಸೆಟ್ ಪಟ್ಟಿ ಒಂದು ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿದೆ. ಯಾವ ಪ್ರಸಂಗ, ಭಾಗವತರು ಯಾರು, ಅರ್ಥಧಾರಿಗಳು ಯಾರು, ಯಾವ ವರ್ಷ, ಯಾರ ಮನೆಯ ಟೇಪು. ಆ ಡೇಟಾಬೇಸ್‌ನ ಒಂದು ಕಾಪಿಯನ್ನು ಬೇಕೆಂದೇ ಎರಡು ವಾಲ್ಯೂಮ್‌ನಲ್ಲಿ ಹಂಚಿದೆವು. ಡೇಟಾ ಫೈಲ್‌ಗಳು ಒಂದರಲ್ಲಿ, ಪ್ರತಿ ಬದಲಾವಣೆಯನ್ನು ಬರೆದಿಡುವ ಲಾಗ್ ಇನ್ನೊಂದರಲ್ಲಿ.

ಡೇಟಾಬೇಸ್ ಯಾವಾಗಲೂ ಮೊದಲು ಲಾಗ್‌ನಲ್ಲಿ ಬರೆಯುತ್ತದೆ, ಆಮೇಲೆ ಡೇಟಾ ಫೈಲ್ ಮುಟ್ಟುತ್ತದೆ. ಭಾಗವತರ ಪದ್ಯ ಮೊದಲು, ಅರ್ಥಧಾರಿಯ ಮಾತು ಆಮೇಲೆ. ಪದ್ಯವೇ ಇಲ್ಲದೆ ಅರ್ಥ ಬಂದರೆ ಕೂಟ ಕೆಡುತ್ತದಲ್ಲ, ಇಲ್ಲೂ ಹಾಗೆಯೇ. ಒಂದರ ಮೇಲೆ ಇನ್ನೊಂದು ನಿಂತಿರುವ ಇಂಥ ಬರಹಗಳಿಗೆ ಡಿಪೆಂಡೆಂಟ್ ರೈಟ್ಸ್ ಅನ್ನುತ್ತಾರೆ. ಆಚೆ ಬದಿಯಲ್ಲೂ ಅದೇ ಸಾಲಿನಲ್ಲಿ ಇಳಿಯಬೇಕು. ಆ ಗುಣಕ್ಕೆ ರೈಟ್ ಆರ್ಡರ್ ಫಿಡೆಲಿಟಿ ಅಂತ ಹೆಸರು.

ಮೊದಲು ಎರಡು ವಾಲ್ಯೂಮ್‌ಗಳಿಗೆ ಎರಡು ಬೇರೆ ಬೇರೆ ಕನೆಕ್ಷನ್ ಕೊಟ್ಟೆವು. ಲಾಗ್‌ನ ಕನೆಕ್ಷನ್ ಮಾತ್ರ ಕಡಿದೆವು. ಡೇಟಾ ಫೈಲ್‌ಗಳು ಮೊಗ್ರಾಲ್‌ಗೆ ಹೋಗುತ್ತಲೇ ಇದ್ದವು, ಲಾಗ್ ಹಿಂದೆ ಉಳಿಯಿತು. ಒಂದಿಷ್ಟು ಎಂಟ್ರಿ ಸೇರಿಸಿ, ಒಂದು ಚೆಕ್‌ಪಾಯಿಂಟ್ (ಮೆಮೊರಿಯಲ್ಲಿದ್ದದ್ದನ್ನು ಡೇಟಾ ಫೈಲ್‌ಗೆ ಇಳಿಸಿ ಲಾಗ್‌ನಲ್ಲಿ ಗುರುತು ಹಾಕುವುದು) ಆದ ಮೇಲೆ ಶಿರಿಯ ಬಂದ್ ಮಾಡಿದೆವು. ಮೊಗ್ರಾಲ್‌ನಲ್ಲಿ ಪೋಸ್ಟ್‌ಗ್ರೆಸ್ ಏಳಲಿಲ್ಲ. ತನಗೆ ಬೇಕಾದ ಚೆಕ್‌ಪಾಯಿಂಟ್ ದಾಖಲೆ ಲಾಗ್‌ನಲ್ಲಿ ಸಿಗುತ್ತಿಲ್ಲ ಅಂತ ನಿಂತಿತು. ಒಂದೊಂದು ವಾಲ್ಯೂಮ್ ಬಿಡಿಯಾಗಿ ನೋಡಿದರೆ ಸರಿಯೇ ಇತ್ತು. ಒಟ್ಟಿಗೆ ಕೂಡಿದಾಗ ಅವು ಒಂದೇ ಕ್ಷಣದ ಚಿತ್ರ ಆಗಿರಲಿಲ್ಲ.

ಎರಡನ್ನೂ ಒಂದೇ ಡಿಆರ್‌ಬಿಡಿ ರಿಸೋರ್ಸ್‌ನ ಎರಡು ವಾಲ್ಯೂಮ್ ಮಾಡಿ ಮತ್ತೆ ಕಟ್ಟಿದೆವು. ಆಗ ಕನೆಕ್ಷನ್ ಒಂದೇ, ಸಾಲೂ ಒಂದೇ. ಕಡಿದರೆ ಎರಡೂ ಒಂದೇ ಕ್ಷಣಕ್ಕೆ ನಿಲ್ಲುತ್ತವೆ. ಮತ್ತೆ ಅದೇ ಪ್ರಯೋಗ. ಪೋಸ್ಟ್‌ಗ್ರೆಸ್ ಲಾಗ್ ಓದಿ, ರಿಕವರಿ ಮಾಡಿಕೊಂಡು, ಎದ್ದು ಕೂತಿತು. ಕನ್ಸಿಸ್ಟೆನ್ಸಿ ಗ್ರೂಪ್ ಅಂದರೆ ಇದೇ. ದೊಡ್ಡ ಆರೇಗಳಲ್ಲಿ ಇಂಥ ಹತ್ತಾರು ಲನ್‌ಗಳನ್ನು ಒಂದು ಗುಂಪು ಮಾಡುತ್ತಾರೆ. ಗುಂಪಿನ ಒಂದು ಜೋಡಿ ಕಡಿದರೂ ಎಲ್ಲವನ್ನೂ ಒಟ್ಟಿಗೆ ನಿಲ್ಲಿಸುತ್ತಾರೆ.

ಹೀಗೆ ಸಿಕ್ಕಿದ ಕಾಪಿ ಕ್ರ್ಯಾಶ್ ಕನ್ಸಿಸ್ಟೆಂಟ್. ಚಾಲೂ ಇರುವಾಗ ಪವರ್ ಕಿತ್ತರೆ ಡಿಸ್ಕ್ ಹೇಗಿರುತ್ತದೋ ಹಾಗೆ. ಡೇಟಾಬೇಸನ್ನು ಒಂದು ಕ್ಷಣ ತಡೆದು, ಮೆಮೊರಿಯಲ್ಲಿದ್ದದ್ದನ್ನು ಡಿಸ್ಕ್‌ಗೆ ಇಳಿಸಿ ತೆಗೆದ ಕಾಪಿ ಅಪ್ಲಿಕೇಶನ್ ಕನ್ಸಿಸ್ಟೆಂಟ್. ಒಳ್ಳೆಯ ಡೇಟಾಬೇಸ್‌ಗೆ ಮೊದಲನೆಯದು ಸಾಕು, ಆದರೆ ಏಳುವಾಗ ರಿಕವರಿಗೆ ಸಮಯ ಹಿಡಿಯುತ್ತದೆ. ಆ ಸಮಯವೂ ಆರ್‌ಟಿಒ ಲೆಕ್ಕಕ್ಕೇ ಸೇರುತ್ತದೆ.

ರೀಸಿಂಕ್ ನಡೆಯುವಾಗ

ಲಿಂಕ್ ಮತ್ತೆ ಜೋಡಿಸಿದರೆ ಡಿಆರ್‌ಬಿಡಿ ಬಿಟ್‌ಮ್ಯಾಪ್ ನೋಡಿ ಬದಲಾದ ಬ್ಲಾಕ್‌ಗಳನ್ನು ಮಾತ್ರ ಕಳಿಸುತ್ತದೆ. 500 ಜಿಬಿ ಪೂರ್ತಿ ಹೋಗಬೇಕಾಗಿಲ್ಲ. ಇಲ್ಲಿ ಒಂದು ಸೂಕ್ಷ್ಮ ಇದೆ, ಅನುಭವ ಇದ್ದವರೂ ಗಮನಿಸದೇ ಹೋಗುವಂಥದ್ದು. ಬಿಟ್‌ಮ್ಯಾಪ್‌ಗೆ ಯಾವ ಬ್ಲಾಕ್ ಬದಲಾಗಿದೆ ಅಂತ ಗೊತ್ತು. ಯಾವುದು ಮೊದಲು, ಯಾವುದು ಆಮೇಲೆ ಅಂತ ಗೊತ್ತಿಲ್ಲ. ಡಿಸ್ಕ್‌ನಲ್ಲಿ ಇರುವ ಸಾಲಿನಲ್ಲಿ ಕಳಿಸುತ್ತಾ ಹೋಗುತ್ತದೆ. ಹಾಗಾಗಿ ರೀಸಿಂಕ್ ನಡೆಯುವಷ್ಟು ಹೊತ್ತೂ ಮೊಗ್ರಾಲ್ ಮತ್ತೆ ಇನ್‌ಕನ್ಸಿಸ್ಟೆಂಟ್. ರೀಸಿಂಕ್‌ಗೆ ಮುಂಚೆ ಅದರಲ್ಲಿ ಹಳೆಯದಾದರೂ ಸರಿಯಾದ ಕಾಪಿ ಇತ್ತು. ನಡುವೆ ಶಿರಿಯ ಕೆಟ್ಟರೆ ಅದೂ ಇಲ್ಲ.

ಅದಕ್ಕೆ ರೀಸಿಂಕ್ ಶುರುವಾಗುವ ಮುಂಚೆ ಟಾರ್ಗೆಟ್‌ನಲ್ಲಿ ಒಂದು ಸ್ನ್ಯಾಪ್‌ಶಾಟ್, ಅಂದರೆ ಆ ಕ್ಷಣದ ಡಿಸ್ಕ್‌ನ ಚಿತ್ರ, ತೆಗೆದಿಡಬೇಕು. ಗೋಲ್ಡ್ ಕಾಪಿ ಅನ್ನುತ್ತಾರೆ. ಡಿಆರ್‌ಬಿಡಿಯ ಜೊತೆಗೇ ಇದಕ್ಕೊಂದು ಎಲ್‌ವಿಎಂ ಸ್ಕ್ರಿಪ್ಟ್ ಬರುತ್ತದೆ. ಹಾಕಿಟ್ಟೆವು. ಈಗ ಲಿಂಕ್ ಬಂದ ಕೂಡಲೇ ತಾನಾಗಿ ಸ್ನ್ಯಾಪ್‌ಶಾಟ್ ಆಗುತ್ತದೆ, ರೀಸಿಂಕ್ ಮುಗಿದ ಮೇಲೆ ಅಳಿಯುತ್ತದೆ.

ಸಾಲು ಕಾಪಾಡಿಕೊಂಡೇ ದೂರಕ್ಕೆ ಕಳಿಸಲು ಆರೇಗಳಲ್ಲಿ ಬೇರೆ ಉಪಾಯಗಳಿವೆ. ಹಿಟಾಚಿಯ ಯುನಿವರ್ಸಲ್ ರೆಪ್ಲಿಕೇಟರ್ ಪ್ರತಿ ಬರಹಕ್ಕೂ ಕ್ರಮಸಂಖ್ಯೆ ಹಾಕಿ ಜರ್ನಲ್ ವಾಲ್ಯೂಮ್‌ನಲ್ಲಿಡುತ್ತದೆ. ಆಚೆ ಬದಿಯ ಆರೇ ಅದನ್ನು ಎಳೆದುಕೊಳ್ಳುತ್ತದೆ. ಲಿಂಕ್ ಸ್ವಲ್ಪ ಹೊತ್ತು ಹೋದರೆ ಜರ್ನಲ್ ತಡೆದುಕೊಳ್ಳುತ್ತದೆ. ಜರ್ನಲ್ ತುಂಬಿದರೆ ಜೋಡಿ ಸಸ್ಪೆಂಡ್ ಆಗಿ (ನಕಲು ನಿಂತು) ಬಿಟ್‌ಮ್ಯಾಪ್‌ಗೆ ಇಳಿಯುತ್ತದೆ, ಸಾಲು ತಪ್ಪುತ್ತದೆ. ಎಸ್‌ಆರ್‌ಡಿಎಫ್‌ನ ಎಸಿಂಕ್ರೊನಸ್ ವಿಧಾನ ಬರಹಗಳನ್ನು ಸೈಕಲ್‌ಗಳಾಗಿ ಕಟ್ಟುತ್ತದೆ. ಒಂದು ಕಂತು ಇಲ್ಲಿ ಸೇರುತ್ತಿರುವಾಗ ಹಿಂದಿನದು ದಾರಿಯಲ್ಲಿ, ಅದಕ್ಕೂ ಹಿಂದಿನದು ಆಚೆ ಇಳಿಯುತ್ತಿರುತ್ತದೆ. ಒಂದೇ ಜಾಗಕ್ಕೆ ಒಂದು ಕಂತಿನಲ್ಲಿ ಹತ್ತು ಸಲ ಬರೆದರೂ ಕೊನೆಯದು ಮಾತ್ರ ಹೋಗುತ್ತದೆ. ಲಿಂಕ್‌ನ ಹೊರೆ ಅಷ್ಟು ಕಡಿಮೆ.

ಎರಡೂ ಕಡೆ ಪ್ರೈಮರಿ

ಕೆಲಸವನ್ನು ಆಚೆ ಬದಿಗೆ ದಾಟಿಸುವ ಫೇಲ್‌ಓವರ್ ಎರಡು ಬಗೆ. ಮೊದಲೇ ಯೋಚಿಸಿ ಮಾಡುವುದಾದರೆ ಅಪ್ಲಿಕೇಶನ್ ನಿಲ್ಲಿಸಿ, ಡಿಸ್ಕ್ ಬಿಡಿಸಿ, ಶಿರಿಯವನ್ನು ಸೆಕೆಂಡರಿ ಮಾಡಿ, ಮೊಗ್ರಾಲನ್ನು ಪ್ರೈಮರಿ ಮಾಡಬೇಕು. ಏನೂ ಕಳೆಯುವುದಿಲ್ಲ. ಆಪತ್ತಿನಲ್ಲಿ ಆಚೆಯವರನ್ನು ಕೇಳಲು ಆಗುವುದಿಲ್ಲ, ಒತ್ತಾಯದಿಂದ ಪ್ರೈಮರಿ ಮಾಡಬೇಕು. ಕೆಲಸ ಮೊಗ್ರಾಲ್‌ನಲ್ಲಿ ನಡೆದು, ಶಿರಿಯ ರಿಪೇರಿ ಆಗಿ ಬಂದ ಮೇಲೆ ನಕಲಿನ ದಿಕ್ಕು ತಿರುಗುತ್ತದೆ. ಎಲ್ಲ ಸಮ ಆದ ಮೇಲೆ ಮತ್ತೆ ಶಿರಿಯಕ್ಕೆ ಮರಳುವುದು ಫೇಲ್‌ಬ್ಯಾಕ್.

ಅಪಾಯ ಇರುವುದು ಶಿರಿಯ ಸತ್ತಿಲ್ಲದೇ ಇದ್ದಾಗ. ಲಿಂಕ್ ಮಾತ್ರ ಹೋಗಿದೆ, ಇಬ್ಬರಿಗೂ ಇನ್ನೊಬ್ಬ ಕಾಣುತ್ತಿಲ್ಲ, ಇಬ್ಬರೂ ಪ್ರೈಮರಿ. ಶಿರಿಯದಲ್ಲಿ ಒಂದು ಫೈಲ್, ಮೊಗ್ರಾಲ್‌ನಲ್ಲಿ ಇನ್ನೊಂದು ಫೈಲ್ ಬರೆದು ಫೈಬರ್ ಜೋಡಿಸಿದೆವು. ಡಿಆರ್‌ಬಿಡಿ ಸ್ಪ್ಲಿಟ್ ಬ್ರೇನ್ ಅಂತ ಗುರುತಿಸಿ ಕನೆಕ್ಷನ್ ಬಿಟ್ಟು 'ಸ್ಟ್ಯಾಂಡ್ಅಲೋನ್' ಆಯಿತು. ಎರಡನ್ನೂ ಬೆರೆಸುವುದು ಬ್ಲಾಕ್ ಮಟ್ಟದಲ್ಲಿ ಸಾಧ್ಯವಿಲ್ಲ. ಒಂದು ಬದಿಯ ಬದಲಾವಣೆಯನ್ನು ಬಿಟ್ಟುಕೊಡಲೇಬೇಕು. ಬಿಟ್ಟುಕೊಡುವ ಆಜ್ಞೆ ಒತ್ತುವ ಮುಂಚೆ ಆ ಬದಿಯ ಫೈಲನ್ನು ಬೇರೆ ಕಡೆ ಎತ್ತಿಟ್ಟೆವು. ಇದನ್ನು ತಂಗಿ ಕೈಯಲ್ಲೇ ಮಾಡಿಸಿದೆ. ನಿಜವಾದ ದಿನ ಬಂದಾಗ ಕೈ ನಡುಗಬಾರದು ನೋಡಿ.

ತಪ್ಪಿಸುವ ದಾರಿ ಮೂರನೆಯ ಸಾಕ್ಷಿ. ವಿಟ್ನೆಸ್, ಕೋರಮ್, ಟೈಬ್ರೇಕರ್, ಏನು ಬೇಕಾದರೂ ಅನ್ನಿ. ಡಿಆರ್‌ಬಿಡಿ 9ರಲ್ಲಿ ಡಿಸ್ಕ್ ಇಲ್ಲದ ಮೂರನೆಯ ನೋಡ್ ಇಡಬಹುದು. ಮೂರರಲ್ಲಿ ಇಬ್ಬರು ಯಾರ ಕಡೆಗಿದ್ದಾರೋ ಅವನು ಬರೆಯಬಹುದು, ಒಂಟಿಯಾದವನು ನಿಲ್ಲಬೇಕು. ಸಾಕ್ಷಿಯ ದಾರಿ ಬೇರೆ ಇರಬೇಕು ಅನ್ನುವುದು ಇಲ್ಲಿ ಮುಖ್ಯ. ಶಿರಿಯ ಇರುವ ಕೋಣೆಯಲ್ಲೇ ಸಾಕ್ಷಿ ಇಟ್ಟರೆ ಆ ಕೋಣೆ ಹೋದಾಗ ಎರಡು ಮತ ಒಟ್ಟಿಗೆ ಹೋಗುತ್ತವೆ.

ಕಾಸರಗೋಡು ಪೇಟೆಗೆ

ಅಭ್ಯಾಸ ಮುಗಿದ ಮೇಲೆ ಮೊಗ್ರಾಲ್ ಪೇಟೆಗೆ ಹೋಯಿತು, ಬಳಗದ ಗೆಳೆಯರೊಬ್ಬರ ಮನೆಗೆ. ದೂರ ಸುಮಾರು 20 ಕಿ.ಮೀ. ಬೆಳಕಿನ ಲೆಕ್ಕದಲ್ಲಿ 0.2 ಮಿಲಿಸೆಕೆಂಡ್ ಸಾಕು. ಪಿಂಗ್ ಮಾಡಿ ಹೋಗಿ ಬರುವ ಸಮಯ ಅಳೆದರೆ ಅದರ ಹತ್ತಾರು ಪಟ್ಟು ಬಂತು. ಟ್ರಾಫಿಕ್ ಎಲ್ಲೋ ದೂರದ ನಗರದ ರೂಟರ್ ಸುತ್ತಿಕೊಂಡು ಬರುತ್ತದೆ. ನಕ್ಷೆಯ ದೂರ ನೋಡಿ ಸಿಂಕ್ರೊನಸ್ ಅಂತ ನಿರ್ಧಾರ ಮಾಡಬಾರದು, ಲಿಂಕ್ ಅಳೆದೇ ಮಾಡಬೇಕು.

ನಮ್ಮ ಆಡಿಯೋ ಫೈಲ್‌ಗಳು ಒಮ್ಮೆ ಬರೆದರೆ ಮತ್ತೆ ಬದಲಾಗುವುದಿಲ್ಲ. ಅದಕ್ಕೆ ಪ್ರತಿ ಬ್ಲಾಕಿಗೂ ಕಾಯುವ ಡಿಆರ್‌ಬಿಡಿ ಬೇಕಾಗಿಲ್ಲ ಅಂತ ನನ್ನ ಅಭಿಪ್ರಾಯ. ಹಾಗಾಗಿ ಎರಡೂ ಮೆಷಿನ್‌ನ ಡೇಟಾ ಡಿಸ್ಕನ್ನು ಸ್ನ್ಯಾಪ್‌ಶಾಟ್ ಸೌಲಭ್ಯ ಒಳಗೇ ಇರುವ ಜಡ್‌ಎಫ್‌ಎಸ್ ಫೈಲ್ ಸಿಸ್ಟಮ್‌ಗೆ ಬದಲಿಸಿದೆವು. ಗಂಟೆಗೊಂದು ಸ್ನ್ಯಾಪ್‌ಶಾಟ್, ಹಿಂದಿನದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಮಾತ್ರ ವೈರ್‌ಗಾರ್ಡ್ ವಿಪಿಎನ್ ಸುರಂಗದಲ್ಲಿ ಮೊಗ್ರಾಲ್‌ಗೆ. ನೆಟ್ಆ್ಯಪ್‌ನ ಸ್ನ್ಯಾಪ್‌ಮಿರರ್ ಎಸಿಂಕ್ರೊನಸ್ ಆಗಿ ಮಾಡುವುದೂ ಮೂಲದಲ್ಲಿ ಇದೇ. ಮೊದಲ ಕಾಪಿಯನ್ನು ಮೆಷಿನ್ ಪೇಟೆಗೆ ಹೋಗುವ ಮುಂಚೆ ಮನೆಯಲ್ಲೇ ತುಂಬಿಸಿದೆವು.

ಗಂಟೆಗೊಮ್ಮೆ ಅಂದ ಕೂಡಲೇ ತಂಗಿ ಆರ್‌ಪಿಒ ಒಂದು ಗಂಟೆ ಅಂತ ಬರೆದಳು. ಲೆಕ್ಕ ಹಾಕಿ ನೋಡುವ ಅಂದೆ. 10 ಗಂಟೆಗೆ ತೆಗೆದ ಸ್ನ್ಯಾಪ್‌ಶಾಟ್ ಆಚೆ ಮುಟ್ಟಿದೆ. 11ಕ್ಕೆ ಇನ್ನೊಂದು ತೆಗೆದು ಕಳಿಸಲು ಶುರು ಮಾಡಿದೆವು. ಒಂದು ಕೂಟದ 6 ಜಿಬಿ ಇದ್ದರೆ 20 ಎಂಬಿಪಿಎಸ್‌ನಲ್ಲಿ 40 ನಿಮಿಷ ಬೇಕು. 11:39ಕ್ಕೆ ಶಿರಿಯ ಕೆಟ್ಟರೆ ಮೊಗ್ರಾಲ್‌ನಲ್ಲಿ ಇರುವುದು 10 ಗಂಟೆಯ ಚಿತ್ರ. ಕಳೆದದ್ದು 99 ನಿಮಿಷ. ಕಂತಿನ ಅಂತರಕ್ಕೆ ಕಳಿಸುವ ಸಮಯವನ್ನೂ ಕೂಡಿಸಬೇಕು.

ಎರಡೂ ಕಡೆ ಇರುವ ಕಾಮನ್ ಸ್ನ್ಯಾಪ್‌ಶಾಟನ್ನು ಜೋಪಾನ ಮಾಡಬೇಕು. ಜಾಗ ಸಾಲದು ಅಂತ ಯಾರಾದರೂ ಅದನ್ನು ಅಳಿಸಿದರೆ ವ್ಯತ್ಯಾಸ ಲೆಕ್ಕ ಹಾಕಲು ಬುಡವೇ ಇಲ್ಲ, ಮತ್ತೆ ಮೊದಲಿನಿಂದ ಪೂರ್ತಿ ಕಳಿಸಬೇಕು. ಜಡ್‌ಎಫ್‌ಎಸ್‌ನಲ್ಲಿ 'ಹೋಲ್ಡ್' ಹಾಕಿದರೆ ಅಳಿಸಲು ಬಿಡುವುದಿಲ್ಲ. ಮೊಗ್ರಾಲ್ ಬದಿಯನ್ನು ಓದಲು ಮಾತ್ರ ಅಂತ ಇಟ್ಟಿದ್ದೇವೆ. ಅಲ್ಲಿ ಒಂದು ಸಣ್ಣ ಬದಲಾವಣೆ ಆದರೂ ಮುಂದಿನ ಕಂತು ಇಳಿಯುವುದಿಲ್ಲ. ಕಳಿಸುವಾಗ ನೆಟ್ ಹೋದರೆ ನಿಂತಲ್ಲಿಂದ ಮುಂದುವರಿಯುವ ಟೋಕನ್ ಇದೆ, ನಮ್ಮ ಮಳೆಗಾಲಕ್ಕೆ ಅದು ಬೇಕೇ ಬೇಕು.

ಸ್ನ್ಯಾಪ್‌ಶಾಟ್ ಹಳೆಯವೂ ಇರುವುದರಿಂದ ಇನ್ನೊಂದು ಲಾಭ. ಡಿಆರ್‌ಬಿಡಿ ಇದ್ದಾಗ ಶಿರಿಯದಲ್ಲಿ ಒಂದು ಫೋಲ್ಡರ್ ಅಳಿಸಿ ತೋರಿಸಿದ್ದೆ. ಅದೇ ಕ್ಷಣಕ್ಕೆ ಮೊಗ್ರಾಲ್‌ನಲ್ಲೂ ಅಳಿಯಿತು. ತಪ್ಪಿ ಅಳಿಸಿದ್ದಾಗಲಿ, ವೈರಸ್ ಕೆಡಿಸಿದ್ದಾಗಲಿ, ರೆಪ್ಲಿಕೇಶನ್‌ಗೆ ಎಲ್ಲವೂ ಬರಹವೇ, ನಿಷ್ಠೆಯಿಂದ ಆಚೆ ಒಯ್ಯುತ್ತದೆ. ಅದಕ್ಕೇ ಬ್ಯಾಕಪ್ ಬೇರೆ ಬೇಕು. ನಮ್ಮಲ್ಲಿ ಎರಡೂ ಕಡೆ ಹಳೆ ಸ್ನ್ಯಾಪ್‌ಶಾಟ್, ಜೊತೆಗೆ ಯಾವ ಮೆಷಿನ್‌ಗೂ ಸಿಕ್ಕಿಸದೆ ಕಪಾಟಿನಲ್ಲಿಟ್ಟ ಇನ್ನೊಂದು ಡಿಸ್ಕ್ ಇದೆ.

ಪಟ್ಟಿಯ ಡೇಟಾಬೇಸ್ ಚಿಕ್ಕದು, ಅದೂ ಇದೇ ಸ್ನ್ಯಾಪ್‌ಶಾಟ್‌ನಲ್ಲಿ ಹೋಗುತ್ತದೆ. ಡೇಟಾ ಮತ್ತು ಲಾಗ್ ಒಂದೇ ಡೇಟಾಸೆಟ್‌ನಲ್ಲಿವೆ, ಬೇರೆ ಮಾಡಿಲ್ಲ. ತಿಂಗಳಿಗೊಮ್ಮೆ ಎರಡೂ ಕಡೆ ಸ್ಕ್ರಬ್ ಓಡುತ್ತದೆ. ಡಿಸ್ಕ್‌ನಲ್ಲಿರುವ ಡೇಟಾ ಎಲ್ಲ ಓದಿ ಚೆಕ್‌ಸಮ್ (ಡೇಟಾ ಕೆಟ್ಟಿದೆಯೇ ಅಂತ ತೋರಿಸುವ ಸಂಖ್ಯೆ) ತಾಳೆ ನೋಡುತ್ತದೆ. ಅದರ ಜೊತೆಗೆ ಮೊಗ್ರಾಲ್‌ನ ಸ್ನ್ಯಾಪ್‌ಶಾಟ್‌ನಿಂದ ಒಂದು ಕ್ಲೋನ್ (ಬರೆಯಬಹುದಾದ ಬೇರೆ ಕಾಪಿ) ಮಾಡಿ, ಪೋಸ್ಟ್‌ಗ್ರೆಸ್ ಎಬ್ಬಿಸಿ, ಯಾವುದಾದರೂ ಒಂದು ಕೂಟವನ್ನು ಹುಡುಕಿ ಅದರ ಆಡಿಯೋ ಕೇಳಬೇಕು ಅಂತ ನಿಯಮ ಮಾಡಿಕೊಂಡಿದ್ದೇವೆ. ಕ್ಲೋನ್ ಆದ್ದರಿಂದ ನಡೆಯುತ್ತಿರುವ ರೆಪ್ಲಿಕೇಶನ್‌ಗೆ ತೊಂದರೆ ಇಲ್ಲ. ಶುರುವಿನಿಂದ ಆಡಿಯೋ ಕೇಳುವ ತನಕ ಹಿಡಿದ ಸಮಯವನ್ನು ತಂಗಿ ಗೋಡೆಯ ಹಾಳೆಯಲ್ಲಿ ಆರ್‌ಟಿಒ ಕಾಲಂನಲ್ಲಿ ಬರೆಯುತ್ತಾಳೆ. ಅವಳು ಮಂಗಳೂರಿಗೆ ಹೋದ ಮೇಲೆ ಪೇಟೆಯ ಗೆಳೆಯರೇ ಇದನ್ನು ಮಾಡಬೇಕು. ಅವರಿಗಾಗಿ ಹಂತಗಳನ್ನು ಕನ್ನಡದಲ್ಲಿ ಬರೆದು ಮೊಗ್ರಾಲ್ ಮೆಷಿನ್‌ನ ಬದಿಗೇ ಅಂಟಿಸಿದ್ದೇವೆ.